ಇಪ್ಪತ್ತಮೂರೋ, ಇಪ್ಪತ್ತಾರೋ

ರಾತ್ರಿ ಹತ್ತೂವರೆ. ನೇಪಲ್ಸಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎರಡು ಪರದೆ, ಒಂದು ಕುರ್ಚಿ, ತಣ್ಣಗಾದ ಕಾಫಿ.
ನುನ್ಸಿಯಾತಾ ಬೊರ್ರೆಲ್ಲಿ, ವಯಸ್ಸು ಎಂಬತ್ಮೂರು,
ನನ್ನ ಮುಂದೆ ಮಲಗಿದ್ದಾಳೆ ಒಂಬೈನೂರು ಹೋಳಾಗಿ,
ಒಂದೊಂದೂ ಅರೆ ಮಿಲಿಮೀಟರಿಗಿಂತ ತುಸುವೇ ದಪ್ಪ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಎದೆಯೊಳಗಿನ ಬಾಗಿಲಿಗೆ ಬೇಕು.

ಮಧ್ಯಾಹ್ನ ಅವಳ ತೋಳಿಗೆ ಅಯೋಡಿನ್ ದ್ರವ ಬಿಟ್ಟು
"ಮೈಯೆಲ್ಲ ಬಿಸಿಯಾದೀತು, ಹೆದರಬೇಡಿ,
ಉಸಿರು ಹಿಡಿಯಿರಿ" ಎಂದಿದ್ದೆ ಗಾಜಿನಾಚೆಯಿಂದ.
ಹಿಡಿದಳು. ಆರು ಸೆಕೆಂಡು.
ಬಿಡಿ ಎಂದ ಮೇಲೂ ಹಿಡಿದೇ ಇದ್ದಳು,
ಮಾತು ಕೊಟ್ಟವಳ ಹಾಗೆ.

ಈಗ ಮಹಾಧಮನಿಯ ಬುಡದಲ್ಲಿ ಮೂರು ಎಸಳು.
ಮೂರರ ತಳಕ್ಕೂ ಒಂದೊಂದು ಚುಕ್ಕಿ ಇಟ್ಟು
ಒಂದೇ ಮಟ್ಟಕ್ಕೆ ಬರುವ ತನಕ ಚಿತ್ರವನ್ನು ಓರೆ ಮಾಡುತ್ತೇನೆ.
ಆಗ ಕಾಣುತ್ತದೆ: ಪುಸ್ತಕದಲ್ಲಿ ಬರೆದಂಥ ದುಂಡಲ್ಲ,
ಯಾರೋ ಮೇಲೆ ಕೂತೆದ್ದ ಬಳೆ.
ಉದ್ದ ಇಪ್ಪತ್ತೈದು ಪಾಯಿಂಟ್ ಎಂಟು,
ಅಗಲ ಇಪ್ಪತ್ತು ಪಾಯಿಂಟ್ ನಾಲ್ಕು.
ಎಸಳುಗಳ ಮೇಲೆ ಸುಣ್ಣ,
ಹಳೆಯ ಹಂಡೆಯ ಒಳಮೈಗೆ ಕಟ್ಟಿದ ಹಾಗೆ.
ಒಂದು ಹರಳು ಮಾತ್ರ ಕೆಳಗಿಳಿದು ಎಡ ಎಸಳಿನಡಿ ಕೂತಿದೆ.
ನನ್ನನ್ನು ಮನೆಗೆ ಬಿಡದಿರುವುದು ಅದೇ.

ದೊಡ್ಡದು ಕೂರಿಸಿದರೆ ಆ ಹರಳು ಗೋಡೆ ಸೀಳೀತು;
ಚಿಕ್ಕದಾದರೆ ಅಂಚಿನಿಂದ ರಕ್ತ ಹಿಂದಕ್ಕೆ ಜಿನುಗೀತು.
ಇಪ್ಪತ್ತಮೂರೋ, ಇಪ್ಪತ್ತಾರೋ.
ನಮ್ಮ ಕಪಾಟಿನಲ್ಲಿ ನಡುವಿನದೊಂದಿಲ್ಲ.

ತೊಡೆಯಿಂದ ಮೇಲೇರುವ ನಾಳವನ್ನೂ ನೋಡಿದೆ,
ಅವಳಿರುವ ಸಾನಿತಾದ ಓಣಿಗಳಂತೆಯೇ ಸುತ್ತಿಕೊಂಡಿದೆ,
ಆದರೂ ಒಂದು ಸ್ಕೂಟರ್ ನುಸುಳುವಷ್ಟು ಜಾಗ ಇದೆ.
ಮೂರನೆಯ ಸಲ ಅಳೆದೆ. ನಾಲ್ಕನೆಯ ಸಲ.

ಮರುದಿನ ಅವಳೇ ಬಂದಳು.
"ನನ್ನದನ್ನು ನನಗೂ ತೋರಿಸಿ."
ಐವತ್ತೊಂದು ವರ್ಷ ಕೈಗವಸು ಕತ್ತರಿಸಿದವಳಂತೆ,
ಮೇಕೆಮರಿಯ ತೊಗಲು, ಈರುಳ್ಳಿ ಸಿಪ್ಪೆಯಷ್ಟು ತೆಳು.
ಪರದೆಗೆ ಮೂಗು ತಾಗಿಸಿ ಕೇಳಿದಳು,
ಹೊಸದು ಯಾತರದ್ದು?
ಹಸುವಿನದು.
ಎಲ್ಲಿಯ ತೊಗಲು? ಹೊಟ್ಟೆಯದೋ, ಕತ್ತಿನದೋ?
ತೊಗಲಲ್ಲ, ಹೃದಯವನ್ನು ಸುತ್ತಿದ ಪೊರೆ, ಎಂದೆ.
ಹೊಲಿಯುವವರು?
ಹೆಂಗಸರು. ಎಲ್ಲೋ ದೂರದಲ್ಲಿ, ಸೂಕ್ಷ್ಮದರ್ಶಕದಡಿ, ಕೈಯಲ್ಲೇ.
ಸುಮ್ಮನಾದಳು. ಆಮೇಲೆ,
"ಅವರಿಗೆ ಕೂಲಿ ತುಂಡಿನ ಲೆಕ್ಕವೋ, ದಿನದ ಲೆಕ್ಕವೋ?"

ನನ್ನ ವರದಿಯಲ್ಲಿ ಹದಿನೇಳು ಅಂಕಣ:
ಸುಣ್ಣದ ಪ್ರಮಾಣಕ್ಕೊಂದು,
ಎಕ್ಸ್‌ರೇ ಯಂತ್ರ ಬಾಗಬೇಕಾದ ಕೋನಕ್ಕೊಂದು.
ಇದಕ್ಕಿಲ್ಲ.

ಇಪ್ಪತ್ತಮೂರು ಎಂದು ಬರೆದಿದ್ದೇನೆ, ಎಂದೆ.
"ತೊಗಲು ಹಿಗ್ಗುತ್ತದೆ, ಬೆರಳು ಹಿಗ್ಗುವುದಿಲ್ಲ" ಎಂದಳು.
ಒಪ್ಪಿಗೆಯೋ ಎಚ್ಚರಿಕೆಯೋ, ಇನ್ನೂ ತಿಳಿದಿಲ್ಲ.

ಹೊರಡುವಾಗ ಕೈ ಚಾಚಿದೆ. ಕುಲುಕಲಿಲ್ಲ.
ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಒಮ್ಮೆ ಹಾಯಿಸಿ,
"ಆರೂ ಮುಕ್ಕಾಲು. ಕಿರುಬೆರಳು ಮಾತ್ರ ತುಸು ಗಿಡ್ಡ."
ಎಂದವಳೇ ಅಭ್ಯಾಸಬಲದಿಂದ ಮೆಟ್ಟಿಲ ಕಡೆ ನಡೆದಳು,
ನಾಲ್ಕನೆಯದರಲ್ಲಿ ನಿಂತು
ಕಂಬಿ ಹಿಡಿದು ಉಸಿರು ಹುಡುಕತೊಡಗಿದಳು.
ನಾನು ಓಡಿಹೋಗಿ
ಲಿಫ್ಟಿನ ಬಾಗಿಲನ್ನು ಭುಜದಿಂದ ತಡೆದು ನಿಂತೆ.