ಮೂರು, ಹದಿಮೂರು, ಇಪ್ಪತ್ತೇಳು

ಟ್ರಂಕಿನಲ್ಲಿ ಹದಿನಾರು ಜೆರ್ಸಿ.
ಒಂದರ ಬೆನ್ನಿಗೂ ಹತ್ತನೇ ನಂಬರಿಲ್ಲ.
ಯಾರೋ ಬಿಟ್ಟುಹೋದದ್ದು ಇವನಿಗೆ ಸಿಕ್ಕಿದ್ದು,
ಹೊಲಿಗೆ ಬಿಚ್ಚಿ ನಾನೇ ಸಣ್ಣ ಮಾಡಿಕೊಟ್ಟದ್ದು.

ಬಂದರಿನ ಟೀಮು ಒಂದು ವರ್ಷ, ಬ್ಯಾಂಕಿನದು ಎರಡು.
ಅದೂ ಮುಚ್ಚಿತು. ಆಮೇಲೆ ಮಲಪ್ಪುರದ ಸೆವೆನ್ಸ್:
ಕೊಯ್ದ ಗದ್ದೆ, ನಡುರಾತ್ರಿಯ ಟ್ಯೂಬ್‌ಲೈಟು,
ಬೆಳಗಿನ ರೈಲಿಗೆ
ಕಾಲುಚೀಲದೊಳಗೆ ಮಡಚಿದ ಐನೂರು.

ಹೋದ ವರ್ಷ ಒಂದೇ ತಟ್ಟೆಯಲ್ಲಿ ಉಂಡವನ ಕಾಲಿಗೆ
ಈ ವರ್ಷ ಅಡ್ಡ ಬೀಳಬೇಕು.
ಬಿದ್ದ.
ಮತ್ತೆ ಅವನನ್ನೇ ಹೆಗಲಿಗೆ ಹಾಕಿಕೊಂಡು
ಗೆರೆಯಾಚೆ ಕೂರಿಸಿ ಬಂದ.

ಪೇಪರಿನಲ್ಲಿ ಒಮ್ಮೆ ಹೆಸರು ಬಂತು.
ಜುನೈದ್ ಬೆಂಗ್ರೆ ಅಂತ ಬರೆದುಕೊಟ್ಟದ್ದನ್ನು
ಯಾರೋ ತಿದ್ದಿ, ಜುನೈದ್ ಬೆಂಗಳೂರು.
ನಗುತ್ತ ಕತ್ತರಿಸಿಟ್ಟೆ. ಅವನು ನಗಲಿಲ್ಲ.

ಈಗ ಕಡವಿನಲ್ಲಿ ದೋಣಿಯ ಟಿಕೇಟು ಹರಿಯುತ್ತಾನೆ.
ಸಂಜೆ ಮರಳಲ್ಲಿ ಹುಡುಗರ ಆಟ.
ಚೆಂಡು ನೀರಿಗೆ ಬಿದ್ದರೆ
ಚಿಲ್ಲರೆಯ ಚೀಲ ನನ್ನ ಕೈಗಿಟ್ಟು
ಬಲಮೊಣಕಾಲು ಮಡಚದೆ ಓಡುತ್ತಾನೆ,
ಕಂಬಳಿ ಸುತ್ತಿದ ಕಂಬದ ಹಾಗೆ.

“ಕಾಕಾ, ನಿಮ್ಮದು ಯಾವ ಟೀಮು?”

ತೊಟ್ಟಿಕ್ಕುವ ಚೆಂಡು ಕಂಕುಳಲ್ಲಿ.
ಆ ಕಡೆಯ ಅಂಗಿಗಳನ್ನು ನೋಡುತ್ತಾನೆ,
ಈ ಕಡೆಯವನ್ನೂ.

“ಎಡಗಡೆ ಯಾರಿಗೆ ಜನ ಕಮ್ಮಿ?”