ಖುದ್ದಾಗಿ ಬರತಕ್ಕದ್ದು

ಕೊಹ್ಟ್ಲಾ-ಯಾರ್ವೆಯಲ್ಲಿ ಹಿಮ ಬಿದ್ದ ಮರುದಿನವೇ
ಬೂದಿಗುಡ್ಡದ ಬಣ್ಣಕ್ಕೆ ತಿರುಗುತ್ತದೆ.
ಗಣಿ ಮುಚ್ಚಿ ಎಷ್ಟೋ ವರ್ಷ, ಗುಡ್ಡ ಮಾತ್ರ
ಒಳಗೊಳಗೇ ಉರಿಯುತ್ತಿದೆ;
ಇಲ್ಲೇ ಹುಟ್ಟಿದ ಮೂಗಿಗೆ ಗೊತ್ತಾಗುತ್ತದೆ.

ನಾನು ತೈಸಿಯಾ. ಮೊದಲು
ಉರಿಯುವ ಕಲ್ಲು ಆರಿಸುತ್ತಿದ್ದೆ, ಈಗ ಸೂಜಿ ಎಣಿಸುತ್ತೇನೆ.
ಅಲ್ಲೂ ಕೈಗವಸು, ಇಲ್ಲೂ ಕೈಗವಸು.
ಸಂಬಳ ಅಲ್ಲೇ ಜಾಸ್ತಿ ಇತ್ತು.

ಹತ್ತಕ್ಕೆ ಬಾಗಿಲು ತೆರೆದರೆ ಮೊದಲು ಜೋಯಾ.
ಸೌತೆಕಾಯಿ ಉಪ್ಪು ಹಾಕಿಟ್ಟಿದ್ದ ಹಳೆಯ ಜಾಡಿಯ ತುಂಬ
ಬಳಸಿದ ಸೂಜಿ.
ಅವಳದು ನಾಲ್ಕೋ ಐದೋ,
ಉಳಿದದ್ದು ಅವಳ ಮೆಟ್ಟಿಲಿನದು:
ಮೂರನೇ ಮಹಡಿಯ ರೋದಿಯಾನ್, ಕಾಲು ಕೀವಾಗಿ ನಡೆಯಲಾರ;
ಐದರ ಅವಳಿಗಳಿಗೆ ನನ್ನ ಮುಖ ನೋಡಲು ನಾಚಿಕೆ,
ಅವರಮ್ಮ ನನ್ನ ಪಕ್ಕ ನಿಂತು ಕಲ್ಲು ಆರಿಸಿದವಳು;
ಒಂದರ ಹುಡುಗಿ. ಹೆಸರು ಕೇಳಬೇಡ, ಅಂದಳು ಜೋಯಾ.
ಕೇಳಲಿಲ್ಲ.
ತೊಂಬತ್ತಾರು ಹಳತಕ್ಕೆ ತೊಂಬತ್ತಾರು ಹೊಸತು.

ಮಾರ್ಚಿಯಲ್ಲಿ ಮೇಲಿನ ಕಚೇರಿಯಿಂದ ಕಾಗದ ಬಂತು.
ಎಸ್ತೋನಿಯನ್ ಭಾಷೆ, ನಿಘಂಟು ಹಿಡಿದು ಓದಿದೆ:
ಪ್ರತಿಯೊಬ್ಬರೂ ಖುದ್ದಾಗಿ ಬರತಕ್ಕದ್ದು,
ಅನ್ಯರ ಪರವಾಗಿ ಕೊಡತಕ್ಕದ್ದಲ್ಲ.
ಅನ್ಯರು ಅನ್ನುವುದು ನಾಲ್ಕು ಸಲ.
ಅಂಥದ್ದೇ ಒಂದು ಪದ ನನ್ನ
ಬೂದು ಪಾಸ್‌ಪೋರ್ಟಿನ ಮುಖದ ಮೇಲಿದೆ.

ಜೋಯಾ ಐದು ಕೊಟ್ಟು ಐದು ತಗೊಂಡು ಹೋದಳು.
ಮೆಟ್ಟಿಲಿಳಿದು ಬೇರೆ ಯಾರೂ ಬರಲಿಲ್ಲ.
ಏಪ್ರಿಲಿನಲ್ಲಿ ನನ್ನ ಲೆಕ್ಕದ ಪುಸ್ತಕ ಬಲು ಚೊಕ್ಕ.
ಮೇಲಿನವರು ಬಂದು, ಬೇಡಿಕೆ ಇಳಿದಿದೆ, ಒಳ್ಳೆಯದು, ಎಂದರು.
ಚಹಾ ಕೊಟ್ಟೆ. ಕುಡಿದರು.
ಆಗ ಅತ್ತ, ಜೋಯಾಳ ಬದಲಿಗೆ
ಒಂದೇ ಸೂಜಿ ಮಹಡಿಯಿಂದ ಮಹಡಿಗೆ
ಹತ್ತಿ ಇಳಿಯುತ್ತಿತ್ತು.

ಉಸಿರು ನಿಂತವರ ಮೂಗಿಗೆ ಸಿಂಪಡಿಸುವ ಮದ್ದೂ ನಮ್ಮಲ್ಲಿದೆ.
ಪೆಟ್ಟಿಗೆಯೊಳಗೆ ಚೀಟಿ, ಚೀಟಿಯಲ್ಲಿ ಏಳು ಚಿತ್ರ,
ಏಳರಲ್ಲೂ ಇಬ್ಬರಿದ್ದಾರೆ.
ಕೆಲಸ ಮುಗಿಸಿ ಸಂಜೆ ರೋದಿಯಾನ್‌ನ ಮನೆಗೆ ಒಯ್ದೆ
(ಐದರ ಮೇಲೆ ನಾನೂ ಬರಿಯ ನೆರೆಯವಳು ತಾನೇ).
ಚೀಟಿ ತಿರುಗಿಸಿ ತಿರುಗಿಸಿ ನೋಡಿದ:
ಎರಡನೆಯವನನ್ನು ಯಾವ ಪೆಟ್ಟಿಗೆಯಲ್ಲಿ ಕೊಡುತ್ತೀರಿ?

ನನ್ನ ತಮ್ಮ ಗ್ಲೆಬ್ ಬಚ್ಚಲಿನ ಚಿಲಕ ಹಾಕಿಕೊಂಡು ಹೋದವನು.
ಹೊರಗೆ ಗೆಳೆಯರಿಬ್ಬರಿದ್ದರು. ಬಾಗಿಲು ಬಡಿದರು.
ಫೋನು ಕೈಗೆತ್ತಿಕೊಂಡು ಕೆಳಗಿಟ್ಟರು,
ಆಂಬುಲೆನ್ಸಿನ ಹಿಂದೆಯೇ ಪೊಲೀಸರು ಬರುತ್ತಿದ್ದ ಕಾಲ.
ಓಡಿಹೋದರು.
ಹನ್ನೊಂದು ವರ್ಷ ಅವರಿಬ್ಬರ ಹೆಸರು ಹಿಡಿದು ಶಪಿಸಿದ್ದೇನೆ.
ಒಬ್ಬ ಈಗಿಲ್ಲ.
ಇನ್ನೊಬ್ಬಳು ಹತ್ತು ಗಂಟೆಗೆ ಮೊದಲು ಬರುವವಳು.
ಇದನ್ನು ನಾವು ಮಾತಾಡಿಲ್ಲ. ಅವಳು
ಹವಾಮಾನ ಹೇಳುತ್ತಾಳೆ, ನಾನು ಎಣಿಸುತ್ತೇನೆ.

ಇವತ್ತು ಜಾಡಿ ಮೇಜಿನ ಮೇಲಿಟ್ಟಾಗ ಸದ್ದೇ ಬೇರೆ.
ಮೇಲೆ ಐದು ಸೂಜಿ.
ಅಡಿಯಲ್ಲಿ ಕಬ್ಬಿಣ: ನಾಲ್ಕು ಚಿಲಕ,
ತುಕ್ಕು ಹಿಡಿದ ಸ್ಕ್ರೂಗಳು, ಒಂದಕ್ಕೆ ಬಾಗಿಲ ಬಣ್ಣ
ಇನ್ನೂ ಅಂಟಿಕೊಂಡಿದೆ.
ಮೆಟ್ಟಿಲ ಬಚ್ಚಲುಗಳದ್ದು, ಅಂದಳು. ರೋದಿಯಾನ್ ಹೇಳಿದ,
ನಾನು ಬಿಚ್ಚಿದೆ.
ಆಮೇಲೆ, ನನ್ನನ್ನು ನೋಡದೆ:
ಇದಕ್ಕೆ ಬದಲು ಏನು ಕೊಡುತ್ತೀ, ತೈಸಿಯಾ?

ಪುಸ್ತಕದಲ್ಲಿ ಚಿಲಕಕ್ಕೆ ಕಾಲಂ ಇಲ್ಲ.
ಕೈಗವಸು ತೆಗೆದು
ಒಂದೊಂದೇ ಎಣಿಸತೊಡಗಿದೆ.