ದೀವ

ಉಗಾದಿ ಕಳೆದು ಮೂರನೇ ದಿನ, ಹೊಸ್ತಿಲ ಮೇಲೆ ಇನ್ನೂ ಬೇವಿನ ಹೂ,
ಕೋಳಿ ಕೂಗುವ ಮುಂಚೆ ಅಪ್ಪ ಎಬ್ಬಿಸಿದ.
ಪ್ರತಿ ವರ್ಷ ಹೀಗೇ. ಹಗರಿಯ ಮರಳು ದಾಟಿ
ಕಣೇಕಲ್ಲಿನಾಚೆಯ ದಿಬ್ಬಕ್ಕೆ ನಾಲ್ಕು ಜನ:
ಮುಂದೆ ತಾತ, ಹೆಗಲಲ್ಲಿ ಉರುಲಿನ ಕಂತೆ,
ಹಿಂದೆ ಅಪ್ಪ, ಆಮೇಲೆ ಬುತ್ತಿ ಹೊತ್ತು ನಾನು,
ಕೊನೆಗೆ ತಮ್ಮ ಓಬಳೇಶ
(ಇಸ್ಕೂಲಿನ ಪಟ್ಟಿಯಲ್ಲಿ ಓಬುಲೇಸು),
ಅವನ ಕೈಯಲ್ಲಿ ಗವುಸು ಹಾಕಿದ ಪಂಜರ.

ಈ ಸಲ ಪಂಜರ ಹಗುರ.
ಪಾಳೇಗಾರ ಸಂಕ್ರಾಂತಿಗೇ ಸತ್ತಿದ್ದ.

ಎಂಥ ಕೌಜುಗ ಅದು! ಅಜ್ಜಿ ಅದನ್ನು
ಮೊಟ್ಟೆಯಲ್ಲೇ ತಂದು ನಾಟಿಕೋಳಿಯ ಕಾವಿಗಿಟ್ಟಿದ್ದಳು,
ಹುತ್ತ ಕೆದರಿ ಬೆರಳ ತುದಿಯಿಂದ ಗೆದ್ದಲು ತಿನ್ನಿಸಿದ್ದಳು.
ಗವುಸು ತೆಗೆದರೆ ಸಾಕು, ಕತ್ತು ನಿಗುರಿಸಿ
ಕತ್ತೀ ತಗಿ, ಕತ್ತೀ ತಗಿ
ಎಂದು ದಿಬ್ಬಕ್ಕೆಲ್ಲ ಸವಾಲು.
ಕಾಡಿನ ಗಂಡು ಕೇಳಿ ಸುಮ್ಮನಿರುತ್ತದೆಯೆ?
ಯಾವನಿವನು ನನ್ನ ಸೀಮೆಯಲ್ಲಿ ಅಂತ
ತಂಗಡಿ ಗಿಡದ ಸಂದಿಯಿಂದ ಓಡಿ ಬರುತ್ತದೆ.
ಪಂಜರದ ಸುತ್ತ ಉರುಲು. ಕಾಲು ಎತ್ತಿಟ್ಟರೆ ಮುಗಿಯಿತು.
ಒಳಗಿನವನಿಗೂ ಹೊರಗಿನವನಿಗೂ ಕೊಕ್ಕಿನ ಬುಡದಲ್ಲಿ ರಕ್ತ.
ಹೆಣ್ಣು ಬಿದ್ದರೆ ಬಿಡಬೇಕು, ಇದು ತಾತನ ಕಟ್ಟಳೆ.
ಮೂರಕ್ಕಿಂತ ಹೆಚ್ಚು ತರಬಾರದು, ಇದು ಅಜ್ಜಿಯದು:
ಸಾರಿನ ಮಡಕೆ ಅಷ್ಟೇ ದೊಡ್ಡದು.

ಅಜ್ಜಿ ಹೋದದ್ದು ದೀವಳಿಗೆಯ ಹಿಂದಿನ ವಾರ.
ಆವತ್ತಿನಿಂದ ಹಕ್ಕಿ ಮೇವು ಮುಟ್ಟಲಿಲ್ಲ
ಎನ್ನುತ್ತಾನೆ ಅಪ್ಪ, ಬಂದವರ ಮುಂದೆಲ್ಲ.
ಮುಟ್ಟುತ್ತಿತ್ತು. ನಾನೇ ಹಾಕುತ್ತಿದ್ದೆ.
ವಯಸ್ಸಾಗಿತ್ತು, ಅಷ್ಟೆ.

ಓಬಳೇಶ ಗವುಸು ತೆಗೆದು ಪಂಜರದೊಳಗೆ ಫೋನಿಟ್ಟ.
ಹೋದ ವರ್ಷ ಹಿತ್ತಲಲ್ಲಿ ಹಿಡಿದಿಟ್ಟ ದನಿ.
"ಈ ದೀವಕ್ಕೆ ಕಾಳು ಬೇಡ, ಚಾರ್ಜು ಸಾಕು" ಅಂದ.
ತಾತ ಉಗಿದ. "ಎದುರು ನಿಲ್ಲೋಕೆ ಮೈ ಇಲ್ಲ, ಬರೀ ಬಾಯಿ.
ಇದನ್ನ ಸವಾಲು ಅಂತಾರೇನೋ?"
ಆದರೂ ಉರುಲು ನೆಟ್ಟವನು ಅವನೇ,
ಇಪ್ಪತ್ತೆರಡು, ಒಂದೊಂದನ್ನೂ ಊದಿ ಮರಳು ಹಾರಿಸಿ.

ಜಾಲಿಯ ಮರೆಗೆ ಕುಂತೆವು.
ದೂರದ ರೋಡಿನಲ್ಲಿ ಗಾರ್ಡಿನದೋ ಯಾರದೋ ಬೈಕು
ಹತ್ತಿರ ಬಂದಂತಾಗಿ ಹೋಯಿತು.
ಕತ್ತೀ ತಗಿ.
ದಿಬ್ಬದಾಚೆ ಒಂದು ಉತ್ತರ. ಇನ್ನೊಂದು, ಇತ್ತ ಕಡೆ.
ಹುಲ್ಲು ಅಲುಗಿತು. ಬರೆ ಬರೆಯ ಎದೆ ಉಬ್ಬಿಸಿ
ಗಂಡು ಬಂತು, ಉರುಲು ತಪ್ಪಿಸಿ ಪಂಜರ ಸುತ್ತಿತು, ಇಣುಕಿತು.
ಜಗಳಕ್ಕೆಂದು ಬಂದು, ಬಾಗಿಲು ತೆರೆದಿದ್ದರೂ
ಮನೆಯಲ್ಲಿ ಯಾರೂ ಇಲ್ಲವೆಂದು ನಿಂತವನ ಹಾಗೆ
ನಿಂತುಬಿಟ್ಟಿತು.

ಆಗ, ಎರಡು ಕೂಗಿನ ನಡುವೆ, ಪಂಜರದಿಂದ:
"ನೀರಿಕ್ಕಿದ್ಯಾ ಅದಕ್ಕೆ? ಏ, ನಿನ್ನೇ ಕೇಳಿದ್ದು."
ಒಂದು ಚೆಂಬು ಕಲ್ಲಿಗೆ ತಾಕಿದ ಸದ್ದು.
ಮತ್ತೆ ಹಕ್ಕಿ.

ತಮ್ಮ ನನ್ನ ಮುಖ ನೋಡಿದ. ಅವನಿಗೂ ಗೊತ್ತಿರಲಿಲ್ಲ,
ಇಷ್ಟು ದಿನ ಕೇಳಿದ್ದು ಹಕ್ಕಿಯನ್ನಷ್ಟೇ.

ತಾತ ಎದ್ದ.
ಮರೆಯಲ್ಲಿ ಕುಂತು ನಲವತ್ತು ವರ್ಷ ಕೆಮ್ಮು ನುಂಗಿದವನು
ಬಟಾಬಯಲಿಗೆ ನಡೆದ. ಕೌಜುಗ ಭರ್ರನೆ ಹಾರಿತು,
ಅವನು ಅತ್ತ ನೋಡಲೂ ಇಲ್ಲ.
"ಇಕ್ಕೀನಿ" ಅಂದ, ಪಂಜರಕ್ಕೆ.
ಇನ್ನೊಂದು ಹೆಜ್ಜೆ ಇಟ್ಟ.
ಕಾಲ ಹೆಬ್ಬೆರಳಿಗೆ ಅವನೇ ಹೆಣೆದ ಉರುಲು ಬಿಗಿಯಿತು.

"ಕಾಲಡಿ ಕಾಣಲ್ವಾ? ಬಂದಿದ್ದ ಹಕ್ಕಿ ಹೋಯ್ತಲ್ಲ!"
ಅಪ್ಪ ಕೂಗಾಡಿದ. ಸಾರಿಗೆ ಇನ್ನು ಹುಣಸೆ ಚಿಗುರೇ ಗತಿ;
ಅಮ್ಮ ನಿನ್ನೆಯೇ ಕಿತ್ತಿಟ್ಟಿದ್ದಳು, ನಮ್ಮನ್ನು ಬಲ್ಲವಳು.
ಓಬಳೇಶ ಫೋನು ನಿಲ್ಲಿಸಲು ಕೈ ಚಾಚಿದರೆ
ತಾತ ಬೇಡವೆಂದು ತಡೆದ.
ಮರಳ ಮೇಲೆ ಕುಂತು ಗಂಟು ಬಿಚ್ಚತೊಡಗಿದ,
ಅವಸರವಿಲ್ಲದೆ, ಉರುಲು ನಾಳೆಗೂ ಆಗುವ ಹಾಗೆ.

ಹಗರಿಯಾಚೆಯಿಂದ ಕಾಡಿನದು ಇನ್ನೂ ಕೇಳುತ್ತಿತ್ತು.
ಪಂಜರ ಉತ್ತರ ಕೊಡುತ್ತಿತ್ತು.
ಬಗ್ಗಿ ನೋಡಿದೆ: ಚಾರ್ಜು ಹನ್ನೊಂದು.